ಎಣ್ಣೆ ಹಾಕದ ಪೆಡಲು

ಟೌರಂಗಾ, ನ್ಯೂಜಿಲೆಂಡ್, ೨೦೧೪

ಅಪ್ಪ,

ಅಮ್ಮನ ಹೊಲಿಗೆ ಮಿಷಿನ್ ಹಾಳು ಮಾಡಿದೆ ಅಂತ ನನ್ನ ಬೈದ್ರಲ್ಲ, ಹಾಳು ಮಾಡಿದ್ದು ನಾನಾ? ಪೆಡಲ್ ಕಿರ್ ಅನ್ನತ್ತೆ, ತಲೆ ಸಿಡಿಯತ್ತೆ ಅಂತ ದಿನಾ ಅವಳನ್ನ ಬೈತಿದ್ದೋರು ನೀವು. ಅವಳು ಸತ್ತ ತಿಂಗಳಿಗೇ ಮೇಲಿನ ಮಿಷಿನ್ ಮಾತ್ರ ಕಿತ್ತು ಕಸಕ್ಕೆ ಎಸೆದು, ಪೆಡಲ್ ಇರೋ ಟೇಬಲ್ ಮೇಲೆ ಟಿವಿ ಇಟ್ಟೋರೂ ನೀವೇ.

ಆ ಟೇಬಲ್ಲನ್ನೇ ಬಿಚ್ಚಿ ಉಣ್ಣೆ ನೂಲೋ ಚರಕ ಮಾಡಿದೀನಿ. ಚಕ್ರ, ಪೆಡಲ್ ಎರಡೂ ಅಮ್ಮನ ಮಿಷಿನ್ನಿಂದೇ. ನಮ್ಮ ಟಿವಿ ಇರೋ ಗೋಡೆ ಆಚೆ ಮನೆ ಶರ್ಲಿ ಆಂಟಿಗೆ ಕೊಟ್ಟೆ. ದಿನಾ ಸಂಜೆ ನೂಲ್ತಾರಂತೆ. ಪೆಡಲ್‌ಗೆ ಎಣ್ಣೆ ಬಿಡ್ಲಾ ಅಂದ್ರು. ಬೇಡ ಆಂಟಿ, ಆ ಸದ್ದು ಹಾಗೇ ಇರ್ಲಿ ಅಂದೆ.

ನಿಮ್ಮ ಟಿವಿ ನೆಲದ ಮೇಲಿದೆ. ಸೌಂಡ್ ಜಾಸ್ತಿ ಇಟ್ಕೊಂಡು ನೋಡಿ. ನಂಗೆ ಟಪಾಲು ಬಂದ್ರೆ ಆಂಟಿ ಹತ್ರ ಕೊಡಿ. ಕೀ ಟಿವಿ ಪಕ್ಕ ಇದೆ. ಬಾಗಿಲು ಎಳ್ಕೊಂಡು ಹೊರಟೆ.

ಕೇದಾರ್