ನೂರಕ್ಕೆ ಹನ್ನೆರಡು

ಮಾರ್ಚ್ ೧೪

ಮಂಡಿನೋವಿದ್ದರೂ ಮಹಡಿ ಹತ್ತಿಳಿಯುವುದನ್ನು ಬಿಡದ ನನ್ನ ಅತ್ತೆಗೆ, ಸೊಸೆಯ ನಮಸ್ಕಾರ.

ನಮ್ಮ ಎರಡನೇ ಲಾಂಡ್ರಿ ಅಂಗಡಿಗೆ ನಿನ್ನೆ ಒಂದು ವರ್ಷ ತುಂಬಿತು. ಫೋನಿನಲ್ಲಿ ಹೇಳಿದರೆ "ಸರಿ ಸರಿ, ಊಟ ಆಯ್ತಾ" ಎಂದು ಮಾತು ತೇಲಿಸಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಬೇಕು.

ಈ ಅಂಗಡಿ ತೆರೆಯುವ ಲೆಕ್ಕ ಹಿಡಿದು ನಿಮ್ಮ ಮಗ ನನ್ನನ್ನೂ ಕರೆದುಕೊಂಡು ನಿಮ್ಮ ಮನೆಗೆ ಬಂದ ದಿನ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಾವನವರ ಅಂಗಡಿ ಮಾರಿ ನಿಮಗೆ ಬಂದಿದ್ದ ದುಡ್ಡೆಲ್ಲ ಇದಕ್ಕೆ ಬೇಕಿತ್ತು. ನೂರಕ್ಕೆ ಇಪ್ಪತ್ತೆರಡು ಲಾಭ ಬರುತ್ತದೆಂದು ಎದೆಯುಬ್ಬಿಸಿ ಹೇಳಿದರು. ನೀವು ನಿಮ್ಮ ಅಳತೆ ಹೇಳಿದಿರಿ: ಬ್ಯಾಂಕಿನಲ್ಲಿಟ್ಟರೆ ಕೂತಲ್ಲಿಗೇ ಏಳು ಬರುತ್ತದೆ, ಮುಳುಗಿಹೋದರೆ ಎಂಬ ಭಯಕ್ಕೆ ಇನ್ನೈದು, ಹನ್ನೆರಡಾದರೂ ಬಾರದ ಕೆಲಸಕ್ಕೆ ಕೈಹಾಕಬಾರದು. ಇಪ್ಪತ್ತೆರಡು ಇರುವಾಗ ಇನ್ನೇನು ಎಂದು ಇವರು ಆಗಲೇ ಎದ್ದು ಚಪ್ಪಲಿ ಮೆಟ್ಟುವುದರಲ್ಲಿದ್ದರು.

ನೀವು ಕನ್ನಡಕ ಏರಿಸಿ ಕೇಳಿದಿರಿ, "ಇಸ್ತ್ರಿಯವನಿಗೆ ಸಂಬಳ ಇದೆ, ಬಟ್ಟೆ ತಲುಪಿಸೋನಿಗೂ ಇದೆ. ಕೌಂಟರಿನಲ್ಲಿ ಕೂರೋಳಿಗೆ ಎಲ್ಲಿ?"

"ಅವಳು ಮನೆಯವಳಲ್ವಾ ಅಮ್ಮಾ," ಎಂದರು ಇವರು.

"ಮನೆಯವಳಾದ್ರೆ ಬಿಟ್ಟಿನಾ?"

ನನಗೇ ಹೊಳೆದಿರಲಿಲ್ಲ, ಅತ್ತೆ. ನಮ್ಮ ಮೊದಲ ಲಾಂಡ್ರಿಯಲ್ಲಿ ಬಟ್ಟೆ ಎಣಿಸಿ, ಚೀಟಿ ಚುಚ್ಚಿ, ಜೇಬು ತಡಕಿ, ಕಲೆ ಮೊದಲೇ ಇತ್ತೆಂದು ಗಿರಾಕಿಗಳ ಜೊತೆ ವಾದ ಮಾಡಿ ಸಂಜೆಗೆ ಗಂಟಲು ಕಟ್ಟುತ್ತಿತ್ತು. ಅದಕ್ಕೊಂದು ಬೆಲೆಯಿದೆಯೆಂದು ಯಾರೂ ಹೇಳಿರಲಿಲ್ಲ. ನನ್ನ ಸಂಬಳ ಸೇರಿಸಿದ್ದೇ ತಡ, ಇಪ್ಪತ್ತೆರಡು ಆರಕ್ಕಿಳಿಯಿತು. ಇದಕ್ಕಿಂತ ಬ್ಯಾಂಕೇ ವಾಸಿ ಎಂದು ನೀವು ಕಡ್ಡಿ ತುಂಡು ಮಾಡಿದಂತೆ ಹೇಳಿದಿರಿ. ಇವರ ಮುಖ ಊದಿಕೊಂಡಿತು. ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ನೀವು ಹಿಂದೆಯೇ ಬಂದು, "ನಿನ್ನ ಮಾವನ ಗಲ್ಲಾಪೆಟ್ಟಿಗೆ ಮುಂದೆ ಕೂದಲು ನೆರೆಯೋವರೆಗೆ ಕೂತೆ, ನನ್ನ ಹೆಸರಿಗೆ ಯಾರೂ ಒಂದು ಕಾಸು ಬರೀಲಿಲ್ಲ," ಎಂದಿರಿ. ಆಮೇಲೆ ಏನೂ ಆಗದವರಂತೆ ಲೋಟ ಒರೆಸಿದಿರಿ. ನನಗೆ ಅಳು ತಡೆಯಲಾಗಲಿಲ್ಲ.

ಇವರ ಮುನಿಸು ಇಳಿಯಲು ಬಹಳ ದಿನ ಹಿಡಿಯಿತು. ಕೊನೆಗೆ ಮುಖ್ಯರಸ್ತೆಯ ಗಾಜಿನ ಮಳಿಗೆಯ ಆಸೆ ಬಿಟ್ಟು ಹಿಂದಿನ ಓಣಿಯಲ್ಲಿ ಅರ್ಧ ಬಾಡಿಗೆಯ ಜಾಗ ಹುಡುಕಿದರು. ಬಟ್ಟೆ ಒಗೆಯುವ ಯಂತ್ರ ಎರಡರ ಬದಲು ಒಂದು ಸಾಕೆಂದರು. ಹೊಸ ಲೆಕ್ಕದಲ್ಲಿ ನನ್ನ ಸಂಬಳ ಕಳೆದೂ ಹನ್ನೆರಡು ನಿಂತಿತು. ನೀವು ಕೂಡಲೇ ಚೆಕ್ಕಿಗೆ ಸಹಿ ಹಾಕಿದಿರಿ.

ವರ್ಷವಿಡೀ ಒಂದು ತಿಂಗಳೂ ತಪ್ಪದೆ ನನ್ನ ಸಂಬಳ ಕೈಸೇರಿದೆ. ನಿಮ್ಮ ಹನ್ನೆರಡೂ ಈ ವಾರ ನಿಮ್ಮ ಖಾತೆಗೆ ಬರುತ್ತದೆ, ನೋಡಿಕೊಳ್ಳಿ. ಹೆತ್ತಮ್ಮನೂ ಕೇಳದ ಮಾತನ್ನು ನನಗಾಗಿ ನೀವು ಕೇಳಿದಿರಿ. ಈ ಉಪಕಾರವನ್ನು ಸಾಯುವವರೆಗೂ ಮರೆಯುವುದಿಲ್ಲ.

ಮಹಡಿ ಮೆಟ್ಟಿಲು ಸ್ವಲ್ಪ ಕಡಿಮೆ ಮಾಡಿ.

ನಿಮ್ಮ ಬಾಯಿಬಡುಕಿ ಸೊಸೆ

ತಾ.ಕ.: ಸಂಬಳದಲ್ಲಿ ನಾನು ಉಳಿಸಿದ್ದನ್ನು ಇನ್ನೊಂದು ಯಂತ್ರಕ್ಕೆ ಕೊಡೆಂದು ಇವರು ಗೋಗರೆಯುತ್ತಿದ್ದರು. ನೂರಕ್ಕೆ ಹದಿನೈದು ಬಾರದಿದ್ದರೆ ಬಿಡಿಗಾಸೂ ಬಿಚ್ಚುವುದಿಲ್ಲ ಎಂದೆ. ನಿನ್ನೆ ಒಪ್ಪಿದರು. ನೀವು ಹನ್ನೆರಡಕ್ಕೇ ಒಪ್ಪಿಬಿಟ್ಟಿರಲ್ಲ ಅತ್ತೆ, ಸ್ವಂತ ಮಗನ ಕೈಲೇ ಮೋಸಹೋದಿರಿ!