ಬೂದಿ ಬೆಕ್ಕು ಮತ್ತು ಹೊಳೆಯುವ ಗೋಡೆ

ನಾಗಕ್ಕಗೆ,

ಬೆಟಗೇರಿಯಿಂದ ಪರಶುರಾಮ ಮಾಡುವ ನಮಸ್ಕಾರ. ಶಿರಹಟ್ಟಿಯಲ್ಲಿ ನೀವು, ನಿಮ್ಮ ಮಗಳು ಪ್ರಿಯಾಂಕಾ, ಇನ್ನೂ ಮುಖ ತೋರಿಸದ ಆ ಕೂಸು, ಮೂವರೂ ಆರಾಮ ಇದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ.

ಈ ಕತೆ ನನ್ನದಲ್ಲ. ಇದನ್ನು ಮೊದಲು ಹೇಳಿದವಳು ಹಿರೇವಡ್ಡಟ್ಟಿಯ ಹುಚ್ಚವ್ವ. ನಿನ್ನೆ ರವಿವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕುಳಿತು ಮೊರದಲ್ಲಿ ಶೇಂಗಾ ಸುಲಿಯುತ್ತ ಹೇಳಿದಳು. ಮೇಲಿನ ಮನೆಯ ನಂದೀಶನ ಅಜ್ಜಿ ಆಕೆ. ನೀವು ಬಾಣಂತನಕ್ಕೆಂದು ಹೋದ ಮೇಲೆ ಮೊಮ್ಮಗನ ಮನೆಗೆ ಬಂದಿದ್ದಾಳೆ, ಹೀಗಾಗಿ ನೀವು ನೋಡಿಲ್ಲ. ಆಕೆಯ ಕತೆಗೆ ಬರುವ ಮೊದಲು ಅಷ್ಟು ಮಂದಿ ಮೆಟ್ಟಿಲ ಮೇಲೆ ಯಾಕೆ ಕೂಡಿದ್ದರು ಎನ್ನುವುದನ್ನು ಹೇಳಬೇಕು.

ನಿಮಗೆ ಆಗಲೇ ಅನುಮಾನ ಬಂದಿದೆ ಎಂಬುದು ಗೊತ್ತು. ಫೋನಿನಲ್ಲಿ ನೀವು ನಿಮ್ಮ ಬೆಕ್ಕಿನ ಸುದ್ದಿ ಕೇಳಿದಾಗಲೆಲ್ಲ ನಾನು "ಬೂದಿ ಆರಾಮ ಅದಾಳ್ರಿ" ಎಂದು ಮಾತನ್ನು ಮಳೆ ಗಾಳಿಯ ಕಡೆ ತಿರುಗಿಸುತ್ತಿದ್ದೆ. ಮೊನ್ನೆ ನೀವು ನಡುವೆಯೇ ತಡೆದು, "ಪರಸು, ನೀ ಏನೋ ಮುಚ್ಚಿ ಇಡಾಕತ್ತಿ" ಅಂದಿರಿ. ಖರೆ, ಮುಚ್ಚಿಟ್ಟಿದ್ದೆ. ಆದರೆ ಈ ಕಟ್ಟಡದಲ್ಲಿ ಮುಚ್ಚಿಟ್ಟವನು ನಾನೊಬ್ಬನೇ ಅಲ್ಲ.

ನೀವು ಹೊರಟ ದಿನ ಮನೆಯ ಕೀಲಿಯನ್ನೂ ಬೂದಿಯನ್ನೂ ನನ್ನ ಕೈಗೆ ಕೊಟ್ಟು ಒಂದು ಮಾತು ಹೇಳಿದ್ದಿರಿ, ನೆನಪಿದೆಯೇ? "ಭಾಳ ದಪ್ಪಗಾಗ್ಯಾಳ, ಹಾಲು ಅರ್ಧ ಮಾಡು." ನಾನು ಮಾಡಿದೆ. ಎರಡನೇ ದಿನವೇ ಆಕೆ ಹಲ್ಲಿ ಹಿಡಿದಳು. ಆಮೇಲೆ ಇಲಿ, ಆಮೇಲೆ ಗುಬ್ಬಿ. ಹಿಡಿದದ್ದನ್ನು ತಿಂದು ಮುಗಿಸಿದರೆ ಬೇರೆ ಮಾತು. ಅರ್ಧ ತಿಂದು ಉಳಿದರ್ಧವನ್ನು ಯಾರದಾದರೂ ಹೊಸ್ತಿಲಿಗೆ ತಂದಿಡುವುದು, ಇಟ್ಟು ನೋಡುತ್ತ ಕೂಡುವುದು. ಅದು ಆಕೆಯ ಪ್ರೀತಿಯ ರೀತಿ ಎಂದು ನಾನು ಎಲ್ಲರಿಗೂ ಸಮಜಾಯಿಷಿ ಕೊಟ್ಟೆ. ಬೆಳಿಗ್ಗೆ ಬಾಗಿಲು ತೆಗೆದು ಇಲಿಯ ಬಾಲ ತುಳಿದವರಿಗೆ ಪ್ರೀತಿಯ ಮಾತು ರುಚಿಸುವುದಿಲ್ಲ.

ಅಷ್ಟರಲ್ಲಿ ಮಾಳಿಗೆಯ ಮೇಲೆ ಆಟೋ ಮಹಬೂಬಸಾಬ ಸಾಕಿದ ಪಾರಿವಾಳಗಳು ಕಡಿಮೆಯಾಗತೊಡಗಿದವು. ಒಂದೊಂದಕ್ಕೂ ಹೆಸರಿಟ್ಟು ಕರೆಯುವ ಮನುಷ್ಯ ಅವನು. ಒಂದು ದಿನ ಮೆಟ್ಟಿಲ ತಿರುವಿನಲ್ಲಿ ಪುಕ್ಕ ಬಿದ್ದಿದ್ದವು. ಅವನು ಬೈಯಲಿಲ್ಲ. ಪುಕ್ಕಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದು ನನ್ನ ಬಾಗಿಲಲ್ಲಿ ಸುಮ್ಮನೆ ನಿಂತ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಯಾರ ಮನೆಯ ಕೆನೆ ಹೋದರೂ ಬೂದಿ, ಯಾರ ಅರಿವೆ ಹಗ್ಗದಿಂದ ಬಿದ್ದರೂ ಬೂದಿ. ಅನುಮಾನ ಮಗ್ಗದ ಹಾಸು ಇದ್ದಂತೆ ಅಕ್ಕಾ, ಒಂದು ಎಳೆ ಸಿಕ್ಕು ಬಿದ್ದರೆ ಬಿಡಿಸಲು ಹೋದವನ ಬೆರಳೂ ಅದರಲ್ಲಿ ಸಿಗುತ್ತದೆ. ನಾನೇ ಬೆಕ್ಕಿಗೆ ಮಾಳಿಗೆಯ ಬಾಗಿಲು ತೆಗೆದುಕೊಡುತ್ತೇನೆ ಎಂದೂ ಯಾರೋ ಅಂದರಂತೆ. ಯಾರು ಎಂದು ಗೊತ್ತು, ಬರೆಯುವುದಿಲ್ಲ.

ಇದರ ಜೊತೆಗೆ ಶೀಟಿನ ಜಗಳ. ನಮ್ಮ ಕಟ್ಟಡದ ಮುಖಕ್ಕೆ ಅಂದಾನಪ್ಪನವರು ಆ ಥಳಥಳ ನೀಲಿ ಶೀಟು ಹೊಡೆಸಿದ್ದು ನಿಮಗೂ ನೆನಪಿರಬೇಕು; ನೀವೂ ಪಾಲು ಕೊಟ್ಟವರೇ. ಕೆಳಗೆ ಅವರ ಸೀರೆ ಅಂಗಡಿ, ಮೇಲೆ ನಮ್ಮ ಆರು ಮನೆ. ಗೋಡೆ ಹೊಳೆದರೆ ಗಿರಾಕಿ ಬರುತ್ತಾರೆ, ಗಿರಾಕಿ ಬಂದರೆ ಓಣಿಗೆ ಹೆಸರು ಬರುತ್ತದೆ ಎಂದು ಅವರು ಹೇಳಿದ್ದರು. ಬಂದದ್ದು ಬಿಸಿಲು. ಮಧ್ಯಾಹ್ನ ಎದುರು ಮನೆಯವರು ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನು ಬೈಯುತ್ತಾರೆ.

ಈಗ ಹದಿನೈದು ದಿನದ ಹಿಂದೆ ಯಾವುದೋ ಕಚೇರಿಯವರೊಬ್ಬರು ಬಂದು ಶೀಟನ್ನು ಬೆರಳಿನಿಂದ ಬಡಿದು ನೋಡಿದರು. ಎರಡು ತಗಡಿನ ನಡುವೆ ಇರುವುದು ಪ್ಲಾಸ್ಟಿಕ್ಕು, ಕೆಳಗೆ ಒಂದು ಕಿಡಿ ತಾಗಿದರೆ ದೀಪದ ಬತ್ತಿಯಂತೆ ಮಾಳಿಗೆಯವರೆಗೆ ಏರುತ್ತದೆ, ತೆಗೆಸಿರಿ ಎಂದು ಹೇಳಿ ಹೋದರು. ತೆಗೆಸುವ ಖರ್ಚು ಮತ್ತೆ ಎಲ್ಲರದು. "ಹಾಕಾಕೂ ನಾವ, ತಗ್ಯಾಕೂ ನಾವ. ಮೀಸಿ ಸಾವ್ಕಾರಂದು, ಹಜಾಮತಿ ರೊಕ್ಕ ನಮ್ದು" ಎಂದು ನಂದೀಶ ಅಂಗಡಿಯ ಮುಂದೆ ನಿಂತೇ ಅಂದ. ಅಂದಾನಪ್ಪನವರು ಶೀಟಿನವನ ಕಡೆಯಿಂದ ಕಮಿಷನ್ ತಿಂದಿದ್ದಾರೆ ಎನ್ನುವುದು ಅವನ ಅನುಮಾನ. ಕರೆಂಟಿನ ಸಾಮಾನು ಮಾರುವ ನಂದೀಶನೇ ಕಚೇರಿಗೆ ಚಾಡಿ ಹೇಳಿದ್ದಾನೆ ಎನ್ನುವುದು ಅವರ ಅನುಮಾನ. ಇಬ್ಬರೂ ನನ್ನ ಹತ್ತಿರ ಬಂದು ಇನ್ನೊಬ್ಬರ ಮೇಲೆ ಕಣ್ಣಿಡು ಎಂದರು. ನಾನು ಇಬ್ಬರ ಮೇಲೂ ಇಟ್ಟೆ.

ಶೀಟಿನ ಜಗಳ ಬಗೆಹರಿಯಲಿಲ್ಲ. ಹರಿಯದ ಜಗಳವಿದ್ದಾಗ ಮಂದಿ ಹರಿಯುವಂಥದ್ದೊಂದನ್ನು ಹುಡುಕಿಕೊಳ್ಳುತ್ತಾರೆ. ನಿನ್ನೆ ಸಂಜೆ ಎಲ್ಲರೂ ಕೂಡಿ ಬೂದಿಯನ್ನು ಹೊಳೆ ದಾಟಿಸುವುದೆಂದು ಗೊತ್ತುಮಾಡಿದರು. ಇವತ್ತು ಬೆಳಿಗ್ಗೆ ಅಂದಾನಪ್ಪನವರ ಟೆಂಪೋ ಮುಂಡರಗಿಗೆ ಹೋಗುವುದಿತ್ತು. ಬೆಕ್ಕನ್ನು ಚೀಲಕ್ಕೆ ಹಾಕಿ, ದಿಕ್ಕು ತಪ್ಪುವಂತೆ ಚೀಲವನ್ನು ಮೂರು ಸುತ್ತು ತಿರುಗಿಸಿ, ಅಲ್ಲಿಂದಲೂ ಮುಂದೆ ತುಂಗಭದ್ರೆಯ ಸೇತುವೆಯಾಚೆ ಬಿಟ್ಟು ಬರುವುದು. ನಮ್ಮ ಕಳಸಾಪುರದಲ್ಲಿ ಕಾಕಾ ಹೀಗೆಯೇ ಒಂದು ಬೆಕ್ಕನ್ನು ಹಳ್ಳದಾಚೆ ಬಿಟ್ಟಾಗ ಕಾಕಾನಿಗಿಂತ ಮೊದಲು ಬೆಕ್ಕು ಮನೆ ಮುಟ್ಟಿತ್ತು ಎಂದೆ. ಯಾರೂ ನಗಲಿಲ್ಲ. "ಅದು ಹಳ್ಳ, ಇದು ಹೊಳಿ. ಹೊಳಿ ದಾಟಿದ ಬೆಕ್ಕು ಹೊಳ್ಳಿ ಬರೂದಿಲ್ಲ" ಎಂದರು ಅಂದಾನಪ್ಪನವರು. ಚೀಲವನ್ನು ಆಗಲೇ ತಂದು, ಮಡಿಚಿ, ಅದರ ಮೇಲೆಯೇ ಕುಳಿತಿದ್ದರು.

ಅಕ್ಕಾ, ನೀವು ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತು ಬೂದಿಯನ್ನು ಕರೆದರೆ ನಾನು ಏನು ಹೇಳಲಿ? ನಿಮ್ಮ ಯಜಮಾನರು ತೀರಿಹೋದ ವರ್ಷ ಯಾರ ಮಾತಿಗೂ ಊಟಕ್ಕೇಳದಿದ್ದ ನೀವು, ಆಗಿನ್ನೂ ಮರಿಯಾಗಿದ್ದ ಬೂದಿಗೆ ಹಾಲು ಹಾಕಲೆಂದು ಎದ್ದವರು. ಅದನ್ನು ಅಲ್ಲಿ ಹೇಳಬೇಕೆಂದುಕೊಂಡೆ. ಆದರೆ ನಿಮ್ಮ ಮನೆಯೊಳಗಿನ ಮಾತು, ಮೆಟ್ಟಿಲ ಮೇಲೆ ಹಾಕುವುದು ಹೇಗೆ?

ಆಗ ಮಹಬೂಬಸಾಬ ಸಾಕ್ಷಿ ಹೇಳಿದ. ಹಾಡಹಗಲೇ ಕಣ್ಣಾರೆ ಕಂಡಿದ್ದಾನಂತೆ: ಅಂಗಡಿಯ ಬೋರ್ಡಿನ ಪಕ್ಕ ಶೀಟು ಸಡಿಲಾದ ಕಡೆಯಿಂದ ಬೂದಿ ಹೊರಗೆ ಬಂದಳು, ಬಾಯಲ್ಲಿ ಬೂದು ಬಣ್ಣದ್ದೇನೋ ಜೋತಾಡುತ್ತಿತ್ತು, ಪಾರಿವಾಳದ ಮರಿಯೇ ಸೈ.

ಅಲ್ಲಿಯವರೆಗೆ ಶೇಂಗಾದ ಕಡೆಗೇ ನೋಡುತ್ತಿದ್ದ ಹುಚ್ಚವ್ವ ಕೇಳಿದಳು: "ರೆಕ್ಕಿ ಇತ್ತೇನು?"

"ಯಾರಿಗೆ ಗೊತ್ತು ಆಯಿ, ದೂರಿಂದ ನೋಡೀನಿ."

"ನಡಾ ಹಿಡದಿತ್ತೋ, ಕುತ್ತಿಗಿ ಹಿಡದಿತ್ತೋ?"

ಅವನು ಸ್ವಲ್ಪ ಯೋಚಿಸಿ, ಕುತ್ತಿಗೆ ಎಂದ. ಹಿಡಿದದ್ದು ಮೆಲ್ಲಗೆ ಎಂದೂ ಸೇರಿಸಿದ. ಹುಚ್ಚವ್ವ ಮೊರವನ್ನು ಬದಿಗಿಟ್ಟು ಕತೆ ಶುರು ಮಾಡಿದಳು.

ಒಂದೂರಿನಲ್ಲಿ ಒಬ್ಬ ಮುದಕಪ್ಪ. ಮಗಳನ್ನು ನೋಡಲು ಬೀಗರು ಬರುವವರಿದ್ದರು. ನಡುಮನೆಯ ಗೋಡೆಯಲ್ಲಿ ಬೆರಳು ಹೋಗುವಷ್ಟು ಬಿರುಕು. ಗೋಡೆ ಕಟ್ಟಿಸಲು ಪುರುಸೊತ್ತಿಲ್ಲದ ಅವನು ಹೊಸ ಜಮಖಾನ ತಂದು ಅದರ ಮೇಲೆ ತೂಗುಬಿಟ್ಟ. ಬೀಗರು ಬಂದರು, ಜಮಖಾನ ನೋಡಿದರು, ಮನಿ ಭಾಳ ಛಲೋ ಐತಿ ಎಂದರು. ಮದುವೆಯಾಯಿತು. ಜಮಖಾನ ಅಲ್ಲೇ ಉಳಿಯಿತು, ಹಿಂದಿನ ಬಿರುಕನ್ನು ಎಲ್ಲರೂ ಮರೆತರು. ಮರೆಯದಿದ್ದದ್ದು ಬೆಕ್ಕು ಒಂದೇ. ಯಾಕೆಂದರೆ ಅದು ಜಮಖಾನದ ಹಿಂದೆ, ಗೋಡೆಯ ಗೂಡಿನಲ್ಲಿ, ಮರಿ ಹಾಕಿತ್ತು.

ಒಂದು ದಿನ ಬೆಕ್ಕು ಮರಿಯೊಂದರ ಕುತ್ತಿಗೆ ಹಿಡಿದು ನೆರೆಮನೆಗೆ ಒಯ್ದಿತು. ಬೆಕ್ಕು ಏಳು ಮನೆ ತಿರುಗುವುದು ಹಳೇ ಚಾಳಿ ಎಂದು ಮುದಕಪ್ಪ ಮರಿಯನ್ನು ತಂದು ಮತ್ತೆ ಬೆಚ್ಚಗೆ ಜಮಖಾನದ ಹಿಂದೆ ಇಟ್ಟ. ಅದು ಮತ್ತೆ ಒಯ್ದಿತು, ಇವನು ಮತ್ತೆ ತಂದ. ಊರಲ್ಲಿ ಮಾತು ಎದ್ದಿತು. ಬೆಕ್ಕು ಬಂದ ಮನೆಯಲ್ಲೆಲ್ಲ ಒಬ್ಬರ ತುಪ್ಪ ಹೋಯಿತು, ಒಬ್ಬರ ಕೋಳಿಮರಿ ಹೋಯಿತು. ಕಡೆಗೆ ಬೆಕ್ಕು ಸಿಟ್ಟಿಗೆದ್ದು ಜಮಖಾನವನ್ನು ಮೇಲಿನಿಂದ ಕೆಳಗಿನವರೆಗೆ ಪರಚಿ ಹರಿದು, ಮರಿಗಳನ್ನೆಲ್ಲ ಯಾರದೋ ಮನೆಗೆ ಒಯ್ದುಬಿಟ್ಟಿತು. ಬೀಗರು ಹೊಗಳಿದ ಜಮಖಾನ! ಮುದಕಪ್ಪ ಬೆಕ್ಕನ್ನು ಚೀಲಕ್ಕೆ ತುಂಬಿ ಹಳ್ಳದ ಕಡೆ ನಡೆದ. ಅದು ಮರಿಗಳ ತಾಯಿ, ಪಾಪ ಹತ್ತುತ್ತದೆ ಎಂದು ಹೆಂಡತಿ ಬೆನ್ನು ಹತ್ತಿದಳು. ಅವ್ವನನ್ನು ತಡೆಯಲು ಮಕ್ಕಳು, ಮಕ್ಕಳನ್ನು ಕರೆಯಲು ಸೊಸೆಯಂದಿರು. ಜಗಳಾಡುತ್ತ ಇಡೀ ಮನೆ ಹಳ್ಳದ ದಂಡೆಗೆ ಬಂದಾಗ ಹಿಂದೆ ಊರಲ್ಲಿ ಧೂಳೆದ್ದಿತು. ಗೋಡೆ ಬಿದ್ದಿತ್ತು. ತೊಲೆ, ಮಾಳಿಗೆಯ ಮಣ್ಣು, ಎಲ್ಲ ಅದರ ಮೇಲೆ. ಒಳಗೆ ಒಬ್ಬರೂ ಇರಲಿಲ್ಲ.

"ಮುದಕಪ್ಪ ಚೀಲದ ಬಾಯಿ ಬಿಚ್ಚಿದ" ಎಂದಳು ಹುಚ್ಚವ್ವ. "ಬೆಕ್ಕು ಅವನ ಮಾರಿನೂ ನೋಡಲಿಲ್ಲ, ಬಿದ್ದ ಗ್ವಾಡಿನೂ ನೋಡಲಿಲ್ಲ. ಮರಿ ಇದ್ದ ಮನಿಗೆ ಹೋತು."

"ಯಾರ ಮನಿ ಆಯಿ?" ಮಹಬೂಬಸಾಬ ಕೇಳಿದ.

"ಇಟಗೊಂಡವರು ಹೇಳಲಿಲ್ಲ. ನನಗೆಂಗ ಗೊತ್ತಾಗಬೇಕು?"

ಅಷ್ಟು ಹೇಳಿ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಗಾಳಿ ಬೀಸಿತು. ಬೋರ್ಡಿನ ಪಕ್ಕದ ಸಡಿಲು ಶೀಟು ಪಟಪಟ ಬಡಿದುಕೊಂಡಿತು. ಎಲ್ಲರೂ ಒಮ್ಮೆಲೇ ತಲೆ ಎತ್ತಿ ಅತ್ತ ನೋಡಿದೆವು, ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಎದ್ದೆವು. ಅಂದಾನಪ್ಪನವರು ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋದರು. ಟೆಂಪೋ ಹೋಗುತ್ತದೋ ಇಲ್ಲವೋ ಹೇಳಲಿಲ್ಲ. ಬೂದಿ ಎಲ್ಲೂ ಕಾಣಲಿಲ್ಲ. ಅವರೇ ಆಗಲೇ ಹಿಡಿದು ಒಳಗಿಟ್ಟಿದ್ದಾರೆ ಎಂದು ನಾನು ಅನುಮಾನಪಟ್ಟೆ.

ಇವತ್ತು ಬೆಳಿಗ್ಗೆ ಎದ್ದವನೇ ಕೆಳಗಿಳಿದೆ. ಟೆಂಪೋ ನಿಂತಲ್ಲೇ ನಿಂತಿತ್ತು. ಗೋಡೆಗೆ ಏಣಿ ಹಚ್ಚಿ ನಂದೀಶ ಏರಿದ್ದ. ಏಣಿ ಹಿಡಿದವನು ಮಹಬೂಬಸಾಬ. ಅಂದಾನಪ್ಪನವರು ಕೈ ಕಟ್ಟಿಕೊಂಡು, ಬೋರ್ಡಿನ ಪಕ್ಕದ್ದನ್ನೇ ಮೊದಲು ಬಿಚ್ಚು ಎನ್ನುತ್ತಿದ್ದರು. ಮೊದಲು ಮೇನ್ ಸ್ವಿಚ್ ತೆಗೆಯಿರಿ ಎಂದು ನಂದೀಶ ಮೇಲಿನಿಂದ ಹೇಳಿದ. ಅವರು ಮರುಮಾತಿಲ್ಲದೆ ಹೋಗಿ ತೆಗೆದರು. ಹದಿನೈದು ದಿನದಲ್ಲಿ ಇಬ್ಬರೂ ನೇರ ಆಡಿದ ಮೊದಲ ಮಾತು ಅದು.

ಶೀಟು ಕೆಳಗಿಳಿಯಿತು. ಹಿಂದೆ ಗೇಣಗಲ ಸಂದು, ಅದರ ತುಂಬ ಒಣಹುಲ್ಲು, ಕಡ್ಡಿ, ಅರಿವೆಯ ಚೂರು. ಅದರ ನಡುವೆ ಅಂಗಡಿಯ ಬೋರ್ಡಿನ ದೀಪಕ್ಕೆ ಹೋಗುವ ವೈರು. ವೈರಿನ ಸಿಪ್ಪೆ ಕರಗಿ ಗೋಡೆಗೆ ಅಂಟಿತ್ತು, ಹುಲ್ಲಿನ ಒಂದು ಬದಿ ಕಮರಿತ್ತು, ಶೀಟಿನ ಬೆನ್ನು ಸುಟ್ಟ ರೊಟ್ಟಿಯಂತೆ ಕಪ್ಪಾಗಿತ್ತು. ಹುಲ್ಲಿನೊಳಗೆ ದುಂಡಗೆ ಒಂದು ತಗ್ಗು, ಬೂದು ಬಣ್ಣದ ಮೆತ್ತನೆ ಕೂದಲು. ದಪ್ಪಗಾಗಿದ್ದಾಳೆ ಎಂದಿರಲ್ಲ ಅಕ್ಕಾ. ಮಗಳ ಬಾಣಂತನಕ್ಕೆ ಹೊರಟ ನಿಮಗೂ ತಿಳಿಯಲಿಲ್ಲ, ಅರ್ಧ ಹಾಲು ಹಾಕಿದ ನನಗೂ ತಿಳಿಯಲಿಲ್ಲ. ಹಸಿದ ಬಾಣಂತಿ ಬೇಟೆಯಾಡದೆ ಏನು ಮಾಡಬೇಕು?

ಆಕೆ ಸಾಧು ಎಂದು ನಾನು ಹೇಳುವುದಿಲ್ಲ. ಆ ತಗ್ಗಿನ ಪಕ್ಕದಲ್ಲಿ ಪಾರಿವಾಳದ ಪುಕ್ಕಗಳೂ ಇದ್ದವು. ಮಹಬೂಬಸಾಬ ಒಂದೊಂದನ್ನೇ ಎತ್ತಿ ನೋಡಿದ. ಒಂದನ್ನು ಗುರುತು ಹಿಡಿದು ಕಿಸೆಯಲ್ಲಿಟ್ಟುಕೊಂಡ. ಆಮೇಲೆ ಸುಟ್ಟ ವೈರನ್ನು ಬಹಳ ಹೊತ್ತು ನೋಡಿದ. ಅವನ ಕೋಣೆ ಸರಿಯಾಗಿ ಅದರ ಮೇಲೆಯೇ ಇದೆ.

"ಎಲ್ಲಾ ತಗೀರಿ" ಎಂದರು ಅಂದಾನಪ್ಪನವರು, "ರೊಕ್ಕದ ಮಾತು ಆಮ್ಯಾಲೆ." ಆ ಆಮ್ಯಾಲೆ ಮಧ್ಯಾಹ್ನಕ್ಕೇ ಬಂತು. ಈಗಲೂ ಕೆಳಗೆ ಅದೇ ನಡೆದಿದೆ, ನನಗೆ ಇಲ್ಲಿಗೆ ಕೇಳಿಸುತ್ತಿದೆ. ಕಮಿಷನ್ನಿನ ಅನುಮಾನ ಹೋಗಿಲ್ಲ, ಚಾಡಿಯದೂ ಹೋಗಿಲ್ಲ. ನಿಮ್ಮ ಪಾಲನ್ನೂ ಕೇಳುತ್ತಾರೆ, ಮನಸ್ಸು ಗಟ್ಟಿ ಮಾಡಿಕೊಳ್ಳಿರಿ.

ಆದರೆ ನಾನು ಹೇಳಬೇಕಾದದ್ದು ಬೆಳಗಿನ ಇನ್ನೊಂದು ಮಾತು. ಬೂದಿಯನ್ನೂ ಮರಿಗಳನ್ನೂ ಹುಡುಕುತ್ತ ನಾನು ಮೆಟ್ಟಿಲು ಹತ್ತಿದೆ. ಬೆಕ್ಕಿಗೆ ಹೆದರಿ ಹಗಲು ಹೊತ್ತಿನಲ್ಲೂ ಚಿಲಕ ಹಾಕುತ್ತಿದ್ದ ಮನೆಗಳ ಬಾಗಿಲು ಗೇಣಗಲ ತೆರೆದಿದ್ದವು. ನಂದೀಶನ ಮನೆಯಲ್ಲಿ ಕೇಳಿದರೆ, ಗಾಳಿ ಬರಲಿ ಅಂತ ಎಂದರು. ಮಹಬೂಬಸಾಬನ ಮನೆಯಲ್ಲಿ, ಚಿಲಕ ಕೆಟ್ಟಿದೆ ಎಂದರು. ಇಣುಕಿ ನೋಡಿದೆ. ಎಲ್ಲರ ಮೂಲೆಯಲ್ಲೂ ಹಳೆ ಸೀರೆ, ಹಳೆ ಚಾದರ ಮೆತ್ತಗೆ ಹಾಸಿತ್ತು. ಹಾಲಿನ ಪಾತ್ರೆ ಮಾತ್ರ ಕಪಾಟಿನೊಳಗೆ, ಕೀಲಿ ಹಾಕಿತ್ತು. ಮರಿ ಯಾರ ಮನೆಯಲ್ಲಿವೆ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ನಿಮ್ಮ ಮನೆಯ ಬಾಗಿಲನ್ನು ಗೇಣಗಲ ತೆಗೆದಿಟ್ಟು ಕೆಳಗಿಳಿದೆ.

ಕೆಳಗೆ ಅಂಗಡಿಯ ಶೆಟರ್ ಪೂರ್ತಿ ಮೇಲೂ ಇರಲಿಲ್ಲ, ಪೂರ್ತಿ ಕೆಳಗೂ ಇರಲಿಲ್ಲ. ನೆಲದಿಂದ ಗೇಣೆತ್ತರಕ್ಕೆ ನಿಂತಿತ್ತು. ಸೋಮವಾರದ ವ್ಯಾಪಾರದ ಹೊತ್ತು. ಹೊರಗೆ ಸ್ಟೂಲಿನ ಮೇಲೆ ಅಂದಾನಪ್ಪನವರು ಕುಳಿತು ಬಂದ ಗಿರಾಕಿಗಳನ್ನು ಮಧ್ಯಾಹ್ನ ಬರ್ರಿ ಎಂದು ತಿರುಗಿ ಕಳಿಸುತ್ತಿದ್ದರು. ನಾನು ಏನೂ ಕೇಳಿರಲಿಲ್ಲ.

"ಶೆಟರ್ ಸಿಕ್ಕೊಂಡೈತಿ" ಎಂದರು.

ಅವರ ಕೈಯಲ್ಲಿ ಅರ್ಧ ಲೀಟರ್ ಹಾಲಿನ ಪಾಕೀಟು ಇತ್ತು. ನಿನ್ನೆಯ ಚೀಲ ಎಲ್ಲೂ ಕಾಣಲಿಲ್ಲ. ಶೆಟರಿನ ಕೆಳಗೆ ಬಗ್ಗಿ ನೋಡಿದರೆ, ಕತ್ತಲಲ್ಲಿ ಅದನ್ನೇ ಹಾಸಿದಂತೆ ಕಂಡಿತು.

ನಾಳೆ ಮಹಬೂಬಸಾಬ ಬಾಡಿಗೆಗೆ ಶಿರಹಟ್ಟಿಗೆ ಬರುತ್ತಾನೆ, ಈ ಪತ್ರ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆಗೆ ಗಂಜಿ ಹಚ್ಚಿ ಅಂಟಿಸಿದ್ದೇನೆ. ಬಾಯಿ ಬಿಚ್ಚಿದ್ದರೆ ಅವನು ಓದಿದ್ದಾನೆ ಎಂದು ತಿಳಿಯಿರಿ, ಆದರೂ ಚಹಾ ಕೊಟ್ಟು ಕಳಿಸಿರಿ. ಪ್ರಿಯಾಂಕಾಳಿಗೆ ಹಾಲು ಅರ್ಧ ಮಾಡಬೇಡಿರಿ. ಆಕೆಯ ಹೊಟ್ಟೆ ತಣ್ಣಗಿರಲಿ, ಕೂಸು ನೂರು ವರ್ಷ ಬಾಳಲಿ, ಅದು ಹೋದ ಮನೆಯ ಬಾಗಿಲೆಲ್ಲ ಅದಕ್ಕೆ ಗೇಣಗಲವಾದರೂ ತೆರೆದಿರಲಿ.

ನಿಮ್ಮ ಮನೆಯ ಕೀಲಿ ಇಟ್ಟುಕೊಂಡಿರುವ,
ತಮ್ಮ ಪರಶುರಾಮ