ಆರಿಂಚಿನ ಬ್ಯಾಂಡೇಜು

ಛತ್ರಪಟ್ಟಿ, ಶುಕ್ರವಾರ

ತಮ್ಮ ತವಸಿಗೆ ಅಕ್ಕನ ಆಶೀರ್ವಾದ.

ನಮ್ಮ ಮಗ್ಗಗಳಿಗೆ ಬಿಡುವಿಲ್ಲ. ಬೆರಳಿಗೆ ಸುತ್ತುವ ಎರಡಿಂಚಿನ ಬ್ಯಾಂಡೇಜು ಸಾಕು, ಇನ್ನು ಎದೆಗೆ, ತೊಡೆಗೆ ಸುತ್ತುವ ಆರಿಂಚಿನದನ್ನೇ ನೇಯಿರಿ ಎಂದಿದ್ದಾರೆ ಮಗ್ಗದ ಧಣಿ ಮುದಲಾಳಿ. ಹಿಂದೊಮ್ಮೆ ಹೀಗೆ ಹೇಳಿದ ತಿಂಗಳಲ್ಲೇ ಯುದ್ಧ ಶುರುವಾಗಿತ್ತು.

“ಯಾವೂರಿಗೆ ಹೋಗುತ್ತೆ ಅಣ್ಣಾಚ್ಚಿ?” ಎಂದು ಅವರನ್ನೇ ಕೇಳಿದೆ.

“ನೇಯೋ ಕೆಲ್ಸ ನೋಡಮ್ಮ. ಊರು ಕಟ್ಕೊಂಡು ನಿಂಗೇನಾಗ್ಬೇಕು?”

ಮೂಟೆಯ ಮೇಲೆ ಬರೆದದ್ದನ್ನು ಓದಿದೆ. ನಿಮ್ಮ ಸೇನಾ ತುಕಡಿ ಇರುವ ಊರೇ.

ರಜೆ ಕೇಳು. ಕೊಡದಿದ್ದರೆ ಅಮ್ಮನಿಗೆ ಸೀರಿಯಸ್ ಎಂದು ತಂತಿ ಕಳಿಸುತ್ತೇನೆ. ಹೆದರಬೇಡ, ಅವಳು ಚೆನ್ನಾಗಿದ್ದಾಳೆ. ಹಾಗೆ ಕಳಿಸು ಎಂದವಳೇ ಅವಳು.

ಗಾಯಕ್ಕೆ ಗಾಳಿಯಾಡಲೆಂದು ಈ ಬಟ್ಟೆಯನ್ನು ತೆಳ್ಳಗೆ ನೇಯಬೇಕು. ಅಮ್ಮ ಮಾತ್ರ ನಿನ್ನೆಯಿಂದ ಒತ್ತೊತ್ತಾಗಿ ನೇಯುತ್ತಿದ್ದಾಳೆ. ಬೇಡವೆಂದರೆ, “ರಕ್ತ ನಿಲ್ಲಬೇಡ್ವೇನೇ?” ಎನ್ನುತ್ತಾಳೆ.

ನಿನ್ನ ಅಕ್ಕ,
ಪೇಚ್ಚಿ